ಕ್ವಿಜ್ ಟೂರ್ನಿಗೆ ಯಾವ ಮಾದರಿ ಒಳ್ಳೆಯದು? ನಾಕೌಟ್, ಲೀಗ್, ಸ್ವಿಸ್ – ಒಂದು ಹೋಲಿಕೆ

ವಿದ್ಯಾರ್ಥಿಗಳ ಕ್ವಿಜ್ ನಡೆಸುವ ಕೆಲಸ ತಲೆ ಮೇಲೆ ಬಿದ್ದಾಗ ಹೆಚ್ಚಿನವರು ಮೊದಲು ಒಂದು ಹಾಳೆ ತೆಗೆದುಕೊಂಡು ನಾಕೌಟ್ ಪಟ್ಟಿ ಗೀಚುತ್ತಾರೆ. ಎಂಟು ಗೆರೆ, ನಾಲ್ಕು ಗೆರೆ, ಎರಡು ಗೆರೆ, ತುದಿಯಲ್ಲಿ ಗೆದ್ದವರ ಹೆಸರು. ನೋಡಲು ಅಚ್ಚುಕಟ್ಟಾಗಿರುತ್ತದೆ. ಆದರೆ ಅದು ಆಟದ ಮೈದಾನದಿಂದ ಬಂದ ಪಟ್ಟಿ. ಮೈದಾನದಲ್ಲಿ ಅದೇ ಚೆಂಡನ್ನು ಎಷ್ಟು ಪಂದ್ಯಕ್ಕಾದರೂ ಬಳಸಬಹುದು. ಕ್ವಿಜ್‌ನಲ್ಲಿ ಒಮ್ಮೆ ಕೇಳಿದ ಪ್ರಶ್ನೆ ಅಲ್ಲಿಗೆ ಮುಗಿಯಿತು. ಹಾಗಾಗಿ ಪಟ್ಟಿ ಗೀಚುವ ಮೊದಲು ಎಣಿಸಬೇಕಾದದ್ದು ಪ್ರಶ್ನೆಗಳನ್ನು.

ಮೊದಲು ಸೆಟ್‌ಗಳ ಲೆಕ್ಕ

ಎಂಟು ತಂಡಗಳಿವೆ, ಎಲ್ಲರೂ ಎಲ್ಲರ ಜೊತೆ ಆಡಬೇಕು ಎಂದುಕೊಳ್ಳಿ. ಒಟ್ಟು 28 ಪಂದ್ಯ. ಒಂದೇ ಕೋಣೆ, ಒಂದೇ ಬಝರ್ ಪೆಟ್ಟಿಗೆ (ಮೊದಲು ಗುಂಡಿ ಒತ್ತಿದವರು ಯಾರು ಎಂದು ತೋರಿಸುವ ಸಾಧನ) ಇದ್ದರೆ 28 ಸೆಟ್ ಪ್ರಶ್ನೆ ಬೇಕು. ಸೆಟ್‌ಗೆ 20 ಪ್ರಶ್ನೆ ಅಂದರೂ 560 ಪ್ರಶ್ನೆ. ಯಾರು ಬರೆಯುತ್ತಾರೆ? ಅದೇ ನಾಲ್ಕು ಕೋಣೆ, ಪ್ರಶ್ನೆ ಓದಲು ನಾಲ್ಕು ಜನ ಇದ್ದರೆ ಕಥೆ ಬೇರೆ. ನಾಲ್ಕೂ ಕೋಣೆಯಲ್ಲಿ ಒಂದೇ ಹೊತ್ತಿಗೆ ಒಂದೇ ಸೆಟ್ ಓದಬಹುದು. ಆಗ 7 ಸುತ್ತು, 7 ಸೆಟ್, 140 ಪ್ರಶ್ನೆ. ಪಂದ್ಯಗಳ ಸಂಖ್ಯೆ ಬದಲಾಗಲಿಲ್ಲ, ಖರ್ಚಾಗುವ ಪ್ರಶ್ನೆ ಕಾಲು ಭಾಗಕ್ಕೆ ಇಳಿಯಿತು.

ಅಂದರೆ ನಿಮಗೆ ಮುಖ್ಯವಾದದ್ದು ಸುತ್ತುಗಳ ಸಂಖ್ಯೆ. ಪಂದ್ಯಗಳ ಸಂಖ್ಯೆ ಅಲ್ಲ. ಇದೊಂದು ತಲೆಯಲ್ಲಿದ್ದರೆ ಮುಂದಿನ ಎಲ್ಲ ಹೋಲಿಕೆ ಸುಲಭ. ಇದಕ್ಕೆ ಒಂದು ಷರತ್ತು ಇದೆ: ಎಲ್ಲ ಕೋಣೆಗಳಲ್ಲೂ ಸುತ್ತು ಮುಗಿಯುವವರೆಗೆ ಯಾರೂ ಹೊರಗೆ ನಿಂತು ಪ್ರಶ್ನೆಗಳ ಬಗ್ಗೆ ಮಾತಾಡಬಾರದು. ಬೇಗ ಮುಗಿಸಿದ ಕೋಣೆಯವರು ಬಾಗಿಲಾಚೆ ಜೋರಾಗಿ ಚರ್ಚೆ ಶುರು ಮಾಡಿದರೆ ಪಕ್ಕದ ಕೋಣೆಗೆ ಉತ್ತರ ಹೋಯಿತು ಅಂತಲೇ.

ಇನ್ನು ಸಮಯ. ಬಝರ್‌ನ 20 ಪ್ರಶ್ನೆ ಮತ್ತು ಅವುಗಳ ಬೋನಸ್ (ಸರಿ ಉತ್ತರ ಹೇಳಿದವರಿಗೆ ಮಾತ್ರ ಕೇಳುವ ಹೆಚ್ಚುವರಿ ಪ್ರಶ್ನೆ) ಸೇರಿ ಒಂದು ಪಂದ್ಯಕ್ಕೆ ಅರ್ಧ ಗಂಟೆ ಇಟ್ಟುಕೊಳ್ಳಿ. ಕೋಣೆ ಬದಲಿಸಲು, ಅಂಕ ಒಪ್ಪಿಸಲು ಇನ್ನು ಹತ್ತು ನಿಮಿಷ. ಆರು ಗಂಟೆಯ ದಿನದಲ್ಲಿ ಕಾಗದದ ಮೇಲೆ 9 ಸುತ್ತು ಬರುತ್ತದೆ. ಊಟ, ತಡ, ತಕರಾರು ಕಳೆದರೆ 7 ಸಿಕ್ಕರೆ ಪುಣ್ಯ.

ಇನ್ನೊಂದು ಸಂಖ್ಯೆ ನನಗೆ ಇವೆಲ್ಲಕ್ಕಿಂತ ದೊಡ್ಡದು: ಬಂದ ಪ್ರತಿ ತಂಡಕ್ಕೂ ಕಡಿಮೆ ಅಂದರೆ ಎಷ್ಟು ಪಂದ್ಯ ಸಿಗುತ್ತದೆ? ದೊಡ್ಡವರ ಟೂರ್ನಿಯಲ್ಲಿ ಗೆದ್ದವರು ಯಾರು ಎಂಬುದೇ ಮುಖ್ಯ ಇರಬಹುದು. ವಿದ್ಯಾರ್ಥಿಗಳಿಗೆ ಹಾಗಲ್ಲ. ತಿಂಗಳುಗಟ್ಟಲೆ ಓದಿಕೊಂಡು ಬಂದ ಮಕ್ಕಳನ್ನು ಅರ್ಧ ಗಂಟೆಗೆ ಮನೆಗೆ ಕಳಿಸುವ ಮಾದರಿ ನ್ಯಾಯವಾಗಿದ್ದರೂ ಒಳ್ಳೆಯದಲ್ಲ.

ಲಿಖಿತ ಸುತ್ತು, ಆಮೇಲೆ ವೇದಿಕೆ

ತುಂಬ ಬಳಕೆಯಲ್ಲಿರುವುದು ಇದು. ಎಲ್ಲರನ್ನೂ ಒಂದು ಹಾಲ್‌ನಲ್ಲಿ ಕೂರಿಸಿ 20–30 ಪ್ರಶ್ನೆ ಬರೆಸುವುದು. ಮೊದಲ ಆರು ತಂಡಗಳನ್ನು ವೇದಿಕೆ ಹತ್ತಿಸುವುದು. ಅಳತೆಗೋಲಾಗಿ ನೋಡಿದರೆ ಲಿಖಿತ ಸುತ್ತಿನಷ್ಟು ನ್ಯಾಯವಾದದ್ದು ಇನ್ನೊಂದಿಲ್ಲ. ಎಲ್ಲರಿಗೂ ಅದೇ ಪ್ರಶ್ನೆ, ಅದೇ ಹೊತ್ತು. ಎದುರಾಳಿ ಯಾರು, ಚೀಟಿಯಲ್ಲಿ ಏನು ಬಂತು ಎಂಬ ಮಾತೇ ಇಲ್ಲ. ಅರವತ್ತು ತಂಡ ಬಂದರೂ ಒಂದೇ ಸೆಟ್ ಸಾಕು.

ತೊಂದರೆ ಎರಡು. ಮೊದಲನೆಯದು, 60ರಲ್ಲಿ 54 ತಂಡಗಳ ಪಾಲಿಗೆ ಕ್ವಿಜ್ ಅಲ್ಲಿಗೇ ಮುಗಿಯಿತು. ಎರಡನೆಯದು, 25 ಪ್ರಶ್ನೆಯಲ್ಲಿ ಆರನೇ ಮತ್ತು ಏಳನೇ ತಂಡದ ನಡುವೆ ಟೈ ಆಗುವುದು ಬಲು ಸಾಮಾನ್ಯ. ಅದಕ್ಕಾಗಿ ಐದಾರು ಪ್ರಶ್ನೆಗಳಿಗೆ ನಕ್ಷತ್ರ ಹಾಕಿರುತ್ತಾರೆ. ಟೈ ಆದರೆ ನಕ್ಷತ್ರದ ಪ್ರಶ್ನೆಗಳಲ್ಲಿ ಯಾರಿಗೆ ಜಾಸ್ತಿ ಬಂದಿದೆ ನೋಡುತ್ತಾರೆ. ಒಳ್ಳೆ ಪದ್ಧತಿಯೇ. ಆದರೆ ಆ ನಕ್ಷತ್ರದ ಪ್ರಶ್ನೆಗಳು ಒಂದೇ ವಿಷಯದ್ದಾಗಿರಬಾರದು. ಐದರಲ್ಲಿ ಮೂರು ಸಿನಿಮಾದ್ದೇ ಆದರೆ ಟೈ ಬಿಡಿಸಿದ್ದು ಸಿನಿಮಾ ಅಷ್ಟೆ.

ನಿಜವಾದ ಅನ್ಯಾಯ ನುಸುಳುವುದು ವೇದಿಕೆಯ ಮೇಲೆ. ಆರು ತಂಡ ಸಾಲಾಗಿ ಕೂತಿವೆ. ಪ್ರತಿ ತಂಡಕ್ಕೂ ಅದರ ನೇರ ಪ್ರಶ್ನೆ, ಗೊತ್ತಿಲ್ಲದಿದ್ದರೆ ಪಕ್ಕದವರಿಗೆ ಪಾಸ್. ಇಲ್ಲಿ ಒಂದು ತಂಡಕ್ಕೆ ಸುಲಭದ್ದು, ಇನ್ನೊಂದಕ್ಕೆ ಕಷ್ಟದ್ದು ಬರುವುದನ್ನು ತಪ್ಪಿಸಲು ಆಗುವುದೇ ಇಲ್ಲ. ಜೊತೆಗೆ ಬಲವಿಲ್ಲದ ತಂಡದ ಮುಂದಿನ ಕುರ್ಚಿ ಯಾರಿಗೆ ಸಿಕ್ಕಿತೋ ಅವರಿಗೆ ಪಾಸ್ ಸುರಿಮಳೆ. ಇದನ್ನು ಸರಿಮಾಡಲು ಬಂದದ್ದು ಕೊನೆಯಿಲ್ಲದ ಬೌನ್ಸ್: ಉತ್ತರ ಹೇಳಿದ ತಂಡದ ಪಕ್ಕದವರಿಂದ ಮುಂದಿನ ಪ್ರಶ್ನೆ ಶುರು. ಅಲ್ಲಿ ಲಾಭದ ಕುರ್ಚಿ ಬದಲಾಗುತ್ತದೆ, ಹೋಗುವುದಿಲ್ಲ. ಬಲವಾದ ತಂಡದ ಪಕ್ಕ ಕೂತವರಿಗೆ ಮತ್ತೆ ಮತ್ತೆ ಮೊದಲ ಅವಕಾಶ ಸಿಗುತ್ತದೆ.

ಅದಕ್ಕೇ ಕುರ್ಚಿಗಳನ್ನು ಚೀಟಿ ಎತ್ತಿ ಕೊಡಿ. ಅರ್ಧ ಪ್ರಶ್ನೆಗಳಾದ ಮೇಲೆ ದಿಕ್ಕು ತಿರುಗಿಸಿ, ಎಡದಿಂದ ಬಲಕ್ಕೆ ಹೋಗುತ್ತಿದ್ದದ್ದು ಬಲದಿಂದ ಎಡಕ್ಕೆ. ನೇರ ಪ್ರಶ್ನೆಗಳ ಸಂಖ್ಯೆ ತಂಡಗಳ ಸಂಖ್ಯೆಯಿಂದ ಸರಿಯಾಗಿ ಭಾಗವಾಗಬೇಕು. ಆರು ತಂಡಕ್ಕೆ 24 ಅಥವಾ 30, ಎಂದೂ 25 ಅಲ್ಲ. ಜೊತೆಗೆ ಪೌನ್ಸ್ ಇಟ್ಟರೆ ಇನ್ನೂ ಒಳ್ಳೆಯದು. ಪ್ರಶ್ನೆ ಯಾರ ಕಡೆ ಇದ್ದರೂ ಸರಿ, ಉತ್ತರ ಗೊತ್ತಿರುವ ತಂಡ ಪಾಸ್ ಶುರುವಾಗುವ ಮೊದಲೇ ಚೀಟಿಯಲ್ಲಿ ಬರೆದು ಕೊಡುತ್ತದೆ. ಸರಿಯಾದರೆ 10, ತಪ್ಪಾದರೆ 5 ಕಡಿತ ಎಂದಿಡಬಹುದು. ಆಗ ಪ್ರತಿ ಪ್ರಶ್ನೆಯೂ ಪ್ರತಿ ತಂಡದ ಪ್ರಶ್ನೆ. ಕುರ್ಚಿಯ ಅದೃಷ್ಟ ಪೂರ್ತಿ ಹೋಗದಿದ್ದರೂ ತುಂಬ ತಗ್ಗುತ್ತದೆ. ಚೀಟಿ ಓಡಿಸಲು ಮೂರು ನಾಲ್ಕು ಚುರುಕಿನ ಹುಡುಗರು ಬೇಕು, ಅಷ್ಟೆ.

ನಾಕೌಟ್

ಎಷ್ಟು ತಂಡ ಇದ್ದರೂ ಪಂದ್ಯಗಳ ಸಂಖ್ಯೆ ತಂಡಗಳಿಗಿಂತ ಒಂದು ಕಡಿಮೆ. 16 ತಂಡ, 15 ಪಂದ್ಯ, 4 ಸುತ್ತು. ಪ್ರಶ್ನೆ ಕಡಿಮೆ, ರೋಚಕತೆ ಜಾಸ್ತಿ, ನೋಡುವವರಿಗೂ ಅರ್ಥವಾಗುತ್ತದೆ. ಆದರೆ ಅರ್ಧ ತಂಡಗಳು ಒಂದೇ ಪಂದ್ಯ ಆಡಿ ಹೊರಡುತ್ತವೆ.

ಗೆದ್ದವರು ನಿಜಕ್ಕೂ ಎಲ್ಲರಿಗಿಂತ ಬಲವಾದವರೇ? ಒಂದು ತಂಡ ಪ್ರತಿ ಪಂದ್ಯವನ್ನೂ ಗೆಲ್ಲುವ ಸಾಧ್ಯತೆ ಶೇ 70 ಇದೆ ಎಂದಿಟ್ಟುಕೊಳ್ಳಿ. ಅಷ್ಟು ಬಲವಾದ ತಂಡವೂ ಸತತ ನಾಲ್ಕು ಗೆಲ್ಲುವ ಸಾಧ್ಯತೆ ಶೇ 24 ಮಾತ್ರ. ನಾಲ್ಕು ಟೂರ್ನಿಯಲ್ಲಿ ಮೂರರಲ್ಲಿ ಕಪ್ ಬೇರೆಯವರ ಪಾಲು. ಎರಡನೇ ಬಹುಮಾನದ ಕಥೆ ಇನ್ನೂ ಮೋಜಿನದು. ಮಕ್ಕಳ ಕಥೆಗಳಿಂದ ಹೆಸರಾದ ಲೂಯಿ ಕ್ಯಾರಲ್ ಗಣಿತದ ಮೇಷ್ಟರೂ ಆಗಿದ್ದರು. 1883ರಲ್ಲಿ ಅವರು ಲಾನ್ ಟೆನಿಸ್ ಟೂರ್ನಿಗಳ ಬಗ್ಗೆ ಇದೇ ದೂರು ಬರೆದರು. 32 ಆಟಗಾರರಿಗೆ ಸುಮ್ನೆ ಚೀಟಿ ಎತ್ತಿ ಪಟ್ಟಿ ಮಾಡಿದರೆ, ಬಲವಿದ್ದವರೇ ಪ್ರತಿ ಸಲ ಗೆದ್ದರೂ, ಎರಡನೇ ಉತ್ತಮ ಆಟಗಾರನಿಗೆ ಎರಡನೇ ಬಹುಮಾನ ಸಿಗುವ ಸಾಧ್ಯತೆ 31ರಲ್ಲಿ 16. ಹೆಚ್ಚುಕಡಿಮೆ ನಾಣ್ಯ ಚಿಮ್ಮಿದ ಹಾಗೆ. ಕಾರಣ ಸರಳ. ಪಟ್ಟಿಯಲ್ಲಿ ಅವನು ಮೊದಲನೆಯವನ ಅರ್ಧದಲ್ಲೇ ಬಿದ್ದರೆ ಫೈನಲ್‌ಗೆ ಮೊದಲೇ ಸೋಲಬೇಕು.

ಇದಕ್ಕೆ ಮದ್ದು ಸೀಡಿಂಗ್, ಅಂದರೆ ಬಲದ ಅಂದಾಜಿನಂತೆ ತಂಡಗಳಿಗೆ ಮೊದಲೇ ಕ್ರಮಸಂಖ್ಯೆ ಕೊಡುವುದು. ಎಂಟು ತಂಡಕ್ಕೆ 1–8, 4–5, 3–6, 2–7 ಎಂಬ ಕ್ರಮ. ಮೊದಲ ಎರಡು ಪಂದ್ಯ ಮೇಲಿನ ಅರ್ಧ, ಉಳಿದೆರಡು ಕೆಳಗಿನ ಅರ್ಧ. ಒಂದು ಮತ್ತು ಎರಡನೇ ಸೀಡ್ ಫೈನಲ್‌ವರೆಗೆ ಎದುರಾಗುವುದಿಲ್ಲ. ಸೀಡ್ ಕೊಡುವುದಕ್ಕೆ ಆಧಾರ ಏನು ಎಂಬುದೇ ಕೇಳಬೇಕಾದ ಪ್ರಶ್ನೆ. ಹೋದ ವರ್ಷದ ಹೆಸರು ನೋಡಿ ಕೊಟ್ಟರೆ ಪ್ರತಿಷ್ಠೆಗೆ ಮಣೆ ಹಾಕಿದಂತೆ. ತಂಡದಲ್ಲಿರುವ ಮಕ್ಕಳೇ ಬದಲಾಗಿರುತ್ತಾರೆ, ಅಲ್ವಾ? ಬೆಳಿಗ್ಗೆ ಹದಿನೈದು ನಿಮಿಷದ ಲಿಖಿತ ಸುತ್ತು ಇಟ್ಟು ಅದರಿಂದಲೇ ಸೀಡ್ ಮಾಡಿ. ಯಾರನ್ನೂ ಹೊರಹಾಕದ ಲಿಖಿತ ಸುತ್ತು ಎಲ್ಲರಿಗೂ ಇಷ್ಟವಾಗುತ್ತದೆ.

ತಂಡಗಳು 8 ಅಥವಾ 16 ಇರದಿದ್ದರೆ ಬೈ ಕೊಡಬೇಕು, ಅಂದರೆ ಕೆಲವರನ್ನು ಆ ಸುತ್ತು ಆಡಿಸದೆಯೇ ಮುಂದಕ್ಕೆ ಕಳಿಸಬೇಕು. 11 ತಂಡ ಇದ್ದರೆ 16ರಿಂದ ಕಳೆದು 5 ಬೈ. ಮೊದಲ ಸುತ್ತಿನಲ್ಲಿ ಮೂರೇ ಪಂದ್ಯ. ಬೈ ಹೋಗಬೇಕಾದದ್ದು ಮೊದಲ ಐದು ಸೀಡ್‌ಗಳಿಗೆ. ತಡವಾಗಿ ಬಂದವರಿಗೋ ಆತಿಥ್ಯ ವಹಿಸಿದವರಿಗೋ ಅಲ್ಲ.

ನಾಕೌಟ್‌ನ ಕಠಿಣತೆ ತಗ್ಗಿಸಿದ ಒಂದು ಒಳ್ಳೆ ಉದಾಹರಣೆ ಬ್ರಿಟನ್ನಿನ ಯೂನಿವರ್ಸಿಟಿ ಚಾಲೆಂಜ್. 1962ರಲ್ಲಿ ಶುರುವಾದ ಟಿವಿ ಕ್ವಿಜ್ ಅದು. ಈಗಿನ ಮಾದರಿಯಲ್ಲಿ ಮೊದಲ ಸುತ್ತಿಗೆ 28 ತಂಡ. ಗೆದ್ದ 14 ತಂಡ ಮುಂದಕ್ಕೆ. ಸೋತವರಲ್ಲಿ ಹೆಚ್ಚು ಅಂಕ ಗಳಿಸಿದ ನಾಲ್ಕು ತಂಡಗಳಿಗೆ ಇನ್ನೊಂದು ಪಂದ್ಯ, ಅದರಲ್ಲಿ ಗೆದ್ದ ಎರಡು ಸೇರಿ 16. ಕ್ವಾರ್ಟರ್ ಫೈನಲ್‌ನಲ್ಲಿ ಒಂದು ಸೋಲಿಗೆ ಯಾರೂ ಹೊರಗಿಲ್ಲ. ಎರಡು ಗೆದ್ದರೆ ಸೆಮಿಫೈನಲ್, ಎರಡು ಸೋತರೆ ಮನೆಗೆ. ಹೆಚ್ಚು ಅಂಕ ಗಳಿಸಿ ಸೋತವರನ್ನು ಕರೆಯುವ ಈ ಉಪಾಯವನ್ನು ನೀವೂ ಬಳಸಬಹುದು. ಆದರೆ ಎಲ್ಲ ಕೋಣೆಗಳಲ್ಲೂ ಒಂದೇ ಸೆಟ್ ಓದಿದ್ದರೆ ಮಾತ್ರ. ಬೇರೆ ಬೇರೆ ಸೆಟ್‌ನಲ್ಲಿ ಬಂದ 180 ಮತ್ತು 150 ಅಂಕಗಳನ್ನು ಹೋಲಿಸಿದರೆ ಏನೂ ತಿಳಿಯುವುದಿಲ್ಲ.

ಎರಡು ಸೋಲಿನ ನಾಕೌಟ್

ಒಮ್ಮೆ ಸೋತವರು ಕೆಳಗಿನ ಪಟ್ಟಿಗೆ ಇಳಿದು, ಅಲ್ಲಿಂದ ಗೆಲ್ಲುತ್ತಾ ಮತ್ತೆ ಫೈನಲ್‌ಗೆ ಬರಬಹುದು. ಕೇಳಲು ಚೆಂದ. ಎಂಟು ತಂಡಕ್ಕೆ 14 ಅಥವಾ 15 ಪಂದ್ಯ, ಎಲ್ಲರೂ ಎಲ್ಲರ ಜೊತೆ ಆಡುವ ಲೀಗ್‌ನ 28ರ ಅರ್ಧದಷ್ಟೇ ಅಲ್ವಾ ಅನ್ನಿಸುತ್ತದೆ. ಸುತ್ತುಗಳನ್ನು ಎಣಿಸಿ ನೋಡಿ: ಆರು, ಕೆಲವೊಮ್ಮೆ ಏಳು. ಅಷ್ಟೇ ಸೆಟ್‌ನಲ್ಲಿ ಎಂಟು ತಂಡಗಳ ಪೂರ್ತಿ ಲೀಗ್ ಮುಗಿಯುತ್ತದೆ. ಇಲ್ಲಿ ನಾಲ್ಕನೇ ಸುತ್ತಿನಿಂದ ಒಂದೇ ಕೋಣೆಯಲ್ಲಿ ಆಟ, ಉಳಿದ ಮೂರು ಕೋಣೆ ಖಾಲಿ. ಕ್ವಿಜ್‌ಗೆ ಇದನ್ನು ನಾನಂತೂ ಹೇಳುವುದಿಲ್ಲ.

ಲೀಗ್

ಎಲ್ಲರೂ ಎಲ್ಲರ ಜೊತೆ ಆಡುವ ಮಾದರಿ. ಸೀಡಿಂಗ್ ಬೇಡ, ಚೀಟಿಯ ಅದೃಷ್ಟ ಇಲ್ಲ, ಒಂದು ಕೆಟ್ಟ ಪಂದ್ಯಕ್ಕೆ ದಿನ ಹಾಳಾಗುವುದಿಲ್ಲ. ತಂಡಗಳ ಸಂಖ್ಯೆ ಸಮ ಇದ್ದರೆ ಅದಕ್ಕಿಂತ ಒಂದು ಕಡಿಮೆ ಸುತ್ತು. 6 ತಂಡಕ್ಕೆ 5, 8ಕ್ಕೆ 7, 10ಕ್ಕೆ 9. ಬೆಸ ಇದ್ದರೆ ತಂಡಗಳಷ್ಟೇ ಸುತ್ತು, ಪ್ರತಿ ಸುತ್ತಿನಲ್ಲೂ ಒಬ್ಬರಿಗೆ ಬಿಡುವು. ಒಂದು ದಿನದಲ್ಲಿ 8 ತಂಡದ ಮೇಲೆ ಹೋಗುವುದು ಕಷ್ಟ.

ವೇಳಾಪಟ್ಟಿ ಮಾಡುವುದು ಸುಲಭ. ಆರು ತಂಡ ಎಂದರೆ ಮೇಲಿನ ಸಾಲಿನಲ್ಲಿ 1, 2, 3 ಬರೆಯಿರಿ. ಕೆಳಗಿನ ಸಾಲಿನಲ್ಲಿ ಅವುಗಳ ಕೆಳಗೆ 6, 5, 4. ಮೇಲೆ ಕೆಳಗೆ ಇರುವವರು ಎದುರಾಳಿಗಳು. ಮುಂದಿನ ಸುತ್ತಿಗೆ 1 ಅನ್ನು ಇದ್ದಲ್ಲೇ ಬಿಟ್ಟು ಉಳಿದ ಐದನ್ನೂ ಗಡಿಯಾರದ ದಿಕ್ಕಿನಲ್ಲಿ ಒಂದೊಂದು ಮನೆ ಸರಿಸಿ. ಐದು ಸಲ ಹೀಗೆ ಬರೆದರೆ ಲೀಗ್ ಪೂರ್ತಿ ಆಯಿತು.

ದೌರ್ಬಲ್ಯ ಇರುವುದು ಕೊನೆಯ ಸುತ್ತುಗಳಲ್ಲಿ. ಅವಕಾಶವೇ ಇಲ್ಲದ ತಂಡ ಉದಾಸೀನವಾಗಿ ಆಡಿ ಎದುರಾಳಿಗೆ ಸುಲಭ ಗೆಲುವು ಕೊಡಬಹುದು. ಬಲವಾದ ಇಬ್ಬರ ಪಂದ್ಯ ಬೆಳಿಗ್ಗೆಯೇ ಮುಗಿದು ಸಂಜೆ ಸಪ್ಪೆಯಾಗಲೂಬಹುದು. ಸೀಡ್ ಇದ್ದರೆ 1–2 ಪಂದ್ಯವನ್ನು ಕೊನೆಯ ಸುತ್ತಿಗೆ ಬರುವಂತೆ ಸುತ್ತುಗಳ ಕ್ರಮ ಬದಲಿಸಿ.

ಮೂರು ತಂಡಗಳ ಮೇಜು

ಕ್ವಿಜ್‌ಗೆ ಇರುವ ಒಂದು ಅನುಕೂಲವನ್ನು ಜನ ಮರೆಯುತ್ತಾರೆ. ಫುಟ್‌ಬಾಲ್ ಪಂದ್ಯದಲ್ಲಿ ಮೂರು ತಂಡ ಆಡಲು ಆಗುವುದಿಲ್ಲ, ಬಝರ್ ಮುಂದೆ ಆಗುತ್ತದೆ. ಒಂಬತ್ತು ತಂಡ ಇದೆ ಎಂದುಕೊಳ್ಳಿ. ಇಬ್ಬಿಬ್ಬರ ಲೀಗ್‌ಗೆ 9 ಸುತ್ತು ಬೇಕು. ಮೂವರ ಮೇಜಿಗೆ 4 ಸುತ್ತು ಸಾಕು, ಆದರೂ ಪ್ರತಿ ತಂಡವೂ ಉಳಿದ ಎಂಟನ್ನೂ ಸರಿಯಾಗಿ ಒಂದೊಂದು ಸಲ ಎದುರಿಸುತ್ತದೆ.

ಮೂರು ಸಾಲು, ಮೂರು ಕಂಬದ ಚೌಕದಲ್ಲಿ 1ರಿಂದ 9 ಬರೆದುಕೊಳ್ಳಿ. ಮೊದಲ ಸುತ್ತು ಅಡ್ಡಸಾಲುಗಳು: 1-2-3, 4-5-6, 7-8-9. ಎರಡನೆಯದು ಕಂಬಸಾಲುಗಳು: 1-4-7, 2-5-8, 3-6-9. ಮೂರನೆಯದು ಒಂದು ದಿಕ್ಕಿನ ಓರೆ: 1-5-9, 2-6-7, 3-4-8. ನಾಲ್ಕನೆಯದು ಇನ್ನೊಂದು ದಿಕ್ಕಿನ ಓರೆ: 3-5-7, 1-6-8, 2-4-9. ಬೇಕಿದ್ದರೆ ಯಾವುದಾದರೂ ಜೋಡಿ ಎರಡು ಸಲ ಬಂದಿದೆಯೇ ಹುಡುಕಿ ನೋಡಿ, ಸಿಗುವುದಿಲ್ಲ. 15 ತಂಡಕ್ಕೂ ಇಂಥದ್ದೇ ವೇಳಾಪಟ್ಟಿ ಇದೆ: ಮೂವರ ಐದು ಮೇಜು, 7 ಸುತ್ತು. ಹದಿನೈದು ಹುಡುಗಿಯರು ಏಳು ದಿನ ಮೂವರು ಮೂವರಾಗಿ ನಡೆಯುವ ಒಗಟಾಗಿ ಥಾಮಸ್ ಕರ್ಕ್‌ಮನ್ ಎಂಬ ಇಂಗ್ಲಿಷ್ ಪಾದ್ರಿ 1850ರಲ್ಲಿ ಇದನ್ನು ಮುಂದಿಟ್ಟಿದ್ದರು. ಕ್ವಿಜ್ ನಡೆಸುವವರಿಗೆ ಉಪಯೋಗಕ್ಕೆ ಬರುತ್ತದೆ ಎಂದು ಅವರು ಅಂದುಕೊಂಡಿರಲಿಕ್ಕಿಲ್ಲ. 16 ತಂಡವಾದರೆ ನಾಲ್ವರ ಮೇಜು, 5 ಸುತ್ತು, ಅಲ್ಲೂ ಎಲ್ಲರೂ ಎಲ್ಲರಿಗೂ ಒಮ್ಮೆ ಸಿಗುತ್ತಾರೆ.

ಎರಡು ಎಚ್ಚರಿಕೆ. ಮೇಜಿಗೆ ಮೂರು ತಂಡ ಬಂದಾಗ ಒಬ್ಬೊಬ್ಬರಿಗೆ ಸಿಗುವ ಪ್ರಶ್ನೆ ಕಡಿಮೆಯಾಗುತ್ತದೆ, ಹಾಗಾಗಿ ಸೆಟ್‌ಗೆ 20ರ ಬದಲು 30 ಇಡಿ. ಇನ್ನೊಂದು, ಮೂವರ ಮೇಜನ್ನು ನಾಕೌಟ್ ಮಾಡಬೇಡಿ. ಮೊದಲ ಸ್ಥಾನದವರು ಮಾತ್ರ ಮುಂದಕ್ಕೆ ಎಂದರೆ ಒಂದೇ ಮೇಜಿಗೆ ಬಿದ್ದ ಇಬ್ಬರು ಬಲಶಾಲಿಗಳಲ್ಲಿ ಒಬ್ಬರು ಮನೆಗೆ ಹೋಗುತ್ತಾರೆ. ಸ್ಥಾನಕ್ಕೆ ತಕ್ಕ ಪಾಯಿಂಟ್ ಕೊಡಿ, ಮೊದಲಿಗರಿಗೆ 2, ನಂತರದವರಿಗೆ 1, ಕೊನೆಯವರಿಗೆ ಸೊನ್ನೆ. ಕೊನೆಯಲ್ಲಿ ಒಟ್ಟು ನೋಡಿ. ಸಣ್ಣ ಅಂತರಕ್ಕೆ ಒಂದು ದಿನ ಹಾಳಾಗುವುದಿಲ್ಲ.

ಸ್ವಿಸ್ ಪದ್ಧತಿ

1895ರಲ್ಲಿ ಜೂರಿಕ್‌ನ ಒಂದು ಚೆಸ್ ಟೂರ್ನಿಯಲ್ಲಿ ಬಳಕೆಗೆ ಬಂದದ್ದರಿಂದ ಈ ಹೆಸರು. ಪ್ರತಿ ಸುತ್ತಿನ ನಂತರ ಸಮಾನ ಗೆಲುವು ಇರುವವರನ್ನು ಜೋಡಿ ಮಾಡುತ್ತಾರೆ. ಎರಡು ಗೆದ್ದವರಿಗೆ ಎರಡು ಗೆದ್ದವರು, ಎರಡೂ ಸೋತವರಿಗೆ ಅಂಥವರೇ. ಒಮ್ಮೆ ಆಡಿದವರು ಮತ್ತೆ ಎದುರಾಗುವಂತಿಲ್ಲ. ಯಾರೂ ಹೊರಗೆ ಹೋಗುವುದಿಲ್ಲ. 16 ತಂಡಕ್ಕೆ 4 ಸುತ್ತು, 32ಕ್ಕೆ 5 ಸುತ್ತು ಆದಾಗ ಸೋಲೇ ಇಲ್ಲದ ಒಂದೇ ತಂಡ ಉಳಿಯುತ್ತದೆ. ಅಂದರೆ ನಾಕೌಟ್‌ಗೆ ಬೇಕಾದಷ್ಟೇ ಸೆಟ್, ಆದರೆ ಎಲ್ಲರಿಗೂ ಪೂರ್ತಿ ದಿನ ಆಟ. 20ಕ್ಕೂ ಹೆಚ್ಚು ತಂಡ, ಬೇಕಾದಷ್ಟು ಕೋಣೆ ಇದ್ದರೆ ನನ್ನ ಮೊದಲ ಆಯ್ಕೆ ಇದೇ. ಸೋಲುತ್ತಿರುವ ಮಕ್ಕಳಿಗೂ ಮೂರನೇ ಸುತ್ತಿನ ಹೊತ್ತಿಗೆ ತಮ್ಮ ಮಟ್ಟದ ಎದುರಾಳಿ ಸಿಗುತ್ತಾರೆ, ಪಂದ್ಯ ಬಿಗಿಯಾಗುತ್ತದೆ.

ಕಷ್ಟ ಇರುವುದು ನಡೆಸುವವರಿಗೆ. ಕೊನೆಯ ಕೋಣೆಯ ಅಂಕ ಬರುವವರೆಗೆ ಮುಂದಿನ ಜೋಡಿ ಮಾಡಲಾಗುವುದಿಲ್ಲ. ಒಂದು ಕೋಣೆ ಇಪ್ಪತ್ತು ನಿಮಿಷ ತಡ ಮಾಡಿದರೆ ಎಲ್ಲರೂ ಇಪ್ಪತ್ತು ನಿಮಿಷ ಕಾಯಬೇಕು. ಅಮೆರಿಕದ ಕ್ವಿಜ್ ಬೌಲ್ ಟೂರ್ನಿಗಳಲ್ಲಿ ಇದಕ್ಕೊಂದು ಜಾಣ ಉಪಾಯ ಇದೆ. ಪ್ರತಿ ತಂಡಕ್ಕೂ ಒಂದು ನಂಬರಿನ ಕಾರ್ಡ್ ಕೊಡುತ್ತಾರೆ. ಯಾವ ಸುತ್ತಿನಲ್ಲಿ ಯಾವ ಕೋಣೆಗೆ ಹೋಗಬೇಕು ಎಂದು ಅದರ ಮೇಲೆ ಮೊದಲೇ ಅಚ್ಚಾಗಿರುತ್ತದೆ. ಪಂದ್ಯ ಮುಗಿದ ಮೇಲೆ ಗೆದ್ದವರು ಇಬ್ಬರ ಕಾರ್ಡ್‌ಗಳಲ್ಲಿ ಚಿಕ್ಕ ನಂಬರಿನದನ್ನು ತೆಗೆದುಕೊಳ್ಳುತ್ತಾರೆ, ಸೋತವರು ದೊಡ್ಡದನ್ನು. ಅಷ್ಟೆ. ಕಂಪ್ಯೂಟರ್ ಬೇಡ, ಕಾಯುವುದೂ ಬೇಡ, ಸಮಾನ ಗೆಲುವಿನವರು ತಾವಾಗಿಯೇ ಎದುರಾಗುತ್ತಾರೆ.

ತಂಡಗಳು ಬೆಸ ಸಂಖ್ಯೆ ಇದ್ದರೆ ಕಡಿಮೆ ಗೆಲುವು ಇರುವವರಿಗೆ ಬೈ. ಒಬ್ಬರಿಗೆ ಎರಡು ಸಲ ಬೇಡ.

ಗುಂಪು, ಆಮೇಲೆ ಮರುಗುಂಪು

12 ತಂಡ ಇರುವಾಗ ಪೂರ್ತಿ ಲೀಗ್‌ಗೆ 11 ಸುತ್ತು, ಒಂದು ದಿನಕ್ಕೆ ಆಗದ ಮಾತು. ಎರಡು ಗುಂಪು ಮಾಡಿ, ತಲಾ ಆರು. ಹಂಚುವಾಗ ಹಾವಿನ ನಡಿಗೆಯಲ್ಲಿ ಹಂಚಿ: ಒಂದು ಗುಂಪಿಗೆ 1, 4, 5, 8, 9, 12ನೇ ಸೀಡ್, ಇನ್ನೊಂದಕ್ಕೆ 2, 3, 6, 7, 10, 11. ಎರಡರ ಮೊತ್ತವೂ 39. ಒಂದೇ ಸಂಸ್ಥೆಯ ಎರಡು ತಂಡ ಒಂದೇ ಗುಂಪಿಗೆ ಬಂದರೆ ಪಕ್ಕದ ಸೀಡ್ ಜೊತೆ ಅದಲು ಬದಲು ಮಾಡಿ.

ಗುಂಪಿನೊಳಗೆ 5 ಸುತ್ತು ಮುಗಿದ ಮೇಲೆ ಎರಡೂ ಗುಂಪಿನ ಮೊದಲ ಮೂವರನ್ನು ಸೇರಿಸಿ ಮೇಲಿನ ಆರರ ಗುಂಪು, ಉಳಿದವರದ್ದು ಕೆಳಗಿನ ಆರರ ಗುಂಪು. ಈಗಾಗಲೇ ತಮ್ಮೊಳಗೆ ಆಡಿದವರು ಮತ್ತೆ ಆಡಬೇಕಿಲ್ಲ, ಆ ಎರಡು ಪಂದ್ಯದ ಫಲಿತಾಂಶ ಜೊತೆಗೇ ಬರುತ್ತದೆ. ಆ ಕಡೆಯ ಮೂವರ ಜೊತೆ ಮಾತ್ರ ಆಡಿದರೆ ಸಾಕು. ಒಟ್ಟು 8 ಸುತ್ತು, ಎಲ್ಲ ತಂಡಕ್ಕೂ 8 ಪಂದ್ಯ, ಹನ್ನೆರಡನೇ ಸ್ಥಾನದವರೆಗೂ ನಂಬುವಂಥ ಪಟ್ಟಿ. ಬೆಳಿಗ್ಗೆ ಬೇಗ ಶುರು ಮಾಡಬೇಕಾಗುತ್ತದೆ, ನಿಜ. ಆದರೆ ನನಗೆ ಗೊತ್ತಿರುವ ಮಾದರಿಗಳಲ್ಲಿ ನ್ಯಾಯ ಮತ್ತು ಆಟ ಎರಡನ್ನೂ ಇಷ್ಟು ಚೆನ್ನಾಗಿ ಕೊಡುವುದು ಬೇರೆ ಇಲ್ಲ.

ಫಲಿತಾಂಶ ಹೊತ್ತು ತರುವುದರಿಂದ ಇನ್ನೊಂದು ಲಾಭ ಇದೆ. ಗುಂಪಿನ ಪಂದ್ಯಗಳನ್ನು ಮರೆತು ಹೊಸ ನಾಕೌಟ್ ಶುರು ಮಾಡಿದರೆ ಬೇಕೆಂದೇ ಸೋಲುವ ಆಸೆ ಹುಟ್ಟಬಹುದು. ಎರಡನೇ ಸ್ಥಾನಕ್ಕೆ ಹೋದರೆ ಸುಲಭದ ಎದುರಾಳಿ ಎಂಬ ಲೆಕ್ಕ. ಇದು ಬರೀ ಊಹೆಯಲ್ಲ. 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಬ್ಯಾಡ್ಮಿಂಟನ್ ಮಹಿಳೆಯರ ಡಬಲ್ಸ್‌ನ ನಾಲ್ಕು ಜೋಡಿಗಳನ್ನು ಗುಂಪಿನ ಪಂದ್ಯ ಸೋಲಲು ನೋಡಿದ್ದಕ್ಕೆ ಅನರ್ಹಗೊಳಿಸಿದರು. ಆಟಗಾರರನ್ನು ಬೈಯುವುದು ಸುಲಭ. ಸೋಲಿಗೆ ಲಾಭ ಇಟ್ಟದ್ದು ಪಟ್ಟಿ ಮಾಡಿದವರು.

ಕೊನೆಗೆ ಫೈನಲ್ ಬೇಕೇ? ಮೇಲಿನ ಗುಂಪಿನಲ್ಲಿ ಮೊದಲಿಗರು ಎರಡು ಗೆಲುವಿನಿಂದ ಮುಂದಿದ್ದರೆ ಬೇಡ, ಅವರೇ ಚಾಂಪಿಯನ್. ಒಂದು ಗೆಲುವಿನಿಂದ ಮುಂದಿದ್ದರೆ ಎರಡನೆಯವರು ಅವರನ್ನು ಎರಡು ಸಲ ಸೋಲಿಸಬೇಕು, ಮೊದಲಿಗರಿಗೆ ಒಂದು ಗೆಲುವು ಸಾಕು. ಸಮ ಇದ್ದರೆ ಒಂದೇ ಫೈನಲ್. ವೇದಿಕೆ, ಅತಿಥಿ, ಚಪ್ಪಾಳೆ ಎಲ್ಲ ಸಿದ್ಧವಾಗಿರುವಾಗ ಫೈನಲ್ ಇಲ್ಲ ಎನ್ನಲು ಧೈರ್ಯ ಬೇಕು. ಆದರೆ ದಿನವಿಡೀ ಸೋಲದ ತಂಡ ಕೊನೆಯ 20 ಪ್ರಶ್ನೆಯಲ್ಲಿ ಎಲ್ಲ ಕಳೆದುಕೊಳ್ಳುವುದು ಅದಕ್ಕಿಂತ ಕಷ್ಟ.

ಟೈ ಆದಾಗ

ಬೇರೆ ಆಟಗಳಿಗಿಲ್ಲದ ಭಾಗ್ಯ ಕ್ವಿಜ್‌ಗೆ ಇದೆ. ಟೈ ಆದರೆ ಇನ್ನೂ ಮೂರು ಪ್ರಶ್ನೆ ಕೇಳಿದರಾಯಿತು. ಅದಕ್ಕೇ ಪ್ರತಿ ಸೆಟ್ ಜೊತೆ ಐದಾರು ಹೆಚ್ಚುವರಿ ಪ್ರಶ್ನೆ ಇಟ್ಟಿರಿ. ಪಟ್ಟಿಯಲ್ಲಿ ಇಬ್ಬರು ಸಮ ಬಂದರೆ ಮೊದಲು ಅವರಿಬ್ಬರ ಪಂದ್ಯದಲ್ಲಿ ಗೆದ್ದವರು ಯಾರು ನೋಡಿ. ಮೂವರು ಸಮ ಬಂದು ಒಬ್ಬರು ಇನ್ನೊಬ್ಬರನ್ನು ಸುತ್ತಿ ಸುತ್ತಿ ಸೋಲಿಸಿದ್ದರೆ ಅದು ನಡೆಯುವುದಿಲ್ಲ. ಮುಂದಿನ ಹಂತಕ್ಕೆ ಹೋಗುವ ಪ್ರಶ್ನೆಯಾದರೆ ಹತ್ತು ಪ್ರಶ್ನೆಯ ಪ್ಲೇಆಫ್ ಇಡಿ. ಬರೀ ಏಳನೇ ಸ್ಥಾನವೋ ಎಂಟನೆಯದೋ ಎಂಬುದಾದರೆ ಒಟ್ಟು ಅಂಕ ಸಾಕು. ಒಟ್ಟು ಅಂಕವನ್ನೇ ಮೊದಲ ಅಳತೆ ಮಾಡಬೇಡಿ. ಬಝರ್ ಪಂದ್ಯದಲ್ಲಿ ನಿಮ್ಮ ಅಂಕ ಎದುರಾಳಿ ಎಷ್ಟು ಬಿಟ್ಟುಕೊಟ್ಟರು ಎಂಬುದರ ಮೇಲೂ ನಿಂತಿರುತ್ತದೆ. ಜೊತೆಗೆ, ಆಗಲೇ ಸೋತು ಸುಣ್ಣವಾದ ತಂಡದ ಮೇಲೆ ಇನ್ನಷ್ಟು ಅಂಕ ಹೇರಲು ಅದು ಕಾರಣ ಕೊಡುತ್ತದೆ.

ಹಾಗಾದರೆ ಯಾವುದು?

ಒಂದೇ ಹಾಲ್, ಒಬ್ಬರೇ ಕ್ವಿಜ್ ಮಾಸ್ಟರ್, ಅರ್ಧ ದಿನ: ಲಿಖಿತ ಸುತ್ತು ಮತ್ತು ಪೌನ್ಸ್ ಇರುವ ವೇದಿಕೆ. ಬೇರೆ ಯೋಚನೆ ಬೇಡ. ಉತ್ತರಗಳನ್ನು ಅಲ್ಲೇ ಓದಿ ಹೇಳಿದರೆ ಆಯ್ಕೆಯಾಗದ ಮಕ್ಕಳೂ ಏನಾದರೂ ಕಲಿತು ಹೋಗುತ್ತಾರೆ.

ಮೂರು ನಾಲ್ಕು ಕೋಣೆ, ಆರರಿಂದ ಎಂಟು ತಂಡ: ಪೂರ್ತಿ ಲೀಗ್. ಒಂಬತ್ತು ತಂಡ, ಸಮಯ ಕಡಿಮೆ: ಮೂವರ ಮೇಜು, ನಾಲ್ಕು ಸುತ್ತು, ಮೊದಲ ಮೂವರ ಫೈನಲ್. ಹನ್ನೆರಡರ ಸುತ್ತಮುತ್ತ, ಇಡೀ ದಿನ, ಆರು ಕೋಣೆ: ಗುಂಪು ಮತ್ತು ಮರುಗುಂಪು. ಇಪ್ಪತ್ತು ದಾಟಿದರೆ ಸ್ವಿಸ್ ಐದು ಸುತ್ತು, ಆಮೇಲೆ ಬೇಕಿದ್ದರೆ ಮೊದಲ ನಾಲ್ವರ ಸೆಮಿಫೈನಲ್.

ಬರೀ ನಾಕೌಟ್ ಯಾವಾಗ? ಪಂದ್ಯಗಳು ವಾರಕ್ಕೊಂದರಂತೆ ನಡೆಯುವಾಗ, ಅಥವಾ ಪ್ರಶ್ನೆ ನಿಜಕ್ಕೂ ಇಲ್ಲದಿದ್ದಾಗ. ಆಗಲೂ ಮೊದಲ ಸುತ್ತಿನಲ್ಲಿ ಸೋತವರಿಗೆ ಒಂದು ಪಕ್ಕದ ಪಟ್ಟಿ ಇಡಿ. ಅವರ ಪಂದ್ಯಗಳಿಗೆ ಮುಖ್ಯ ಪಟ್ಟಿಯ ಸೆಟ್‌ಗಳೇ ಸಾಕು, ಒಂದೇ ಹೊತ್ತಿಗೆ ಪಕ್ಕದ ಕೋಣೆಯಲ್ಲಿ ಓದಿದರಾಯಿತು.

ಹೇಳಿದಷ್ಟು ತಂಡ ಆ ದಿನ ಬರುವುದು ಅಪರೂಪ. 12 ಅಂದುಕೊಂಡಲ್ಲಿ 11 ಬಂದಿರುತ್ತವೆ, ಇಲ್ಲವೇ ಹೆಸರು ಕೊಡದ ಹದಿಮೂರನೆಯದು ಬಾಗಿಲಲ್ಲಿ ನಿಂತಿರುತ್ತದೆ. ಎರಡಕ್ಕೂ ವೇಳಾಪಟ್ಟಿ ಮೊದಲೇ ಅಚ್ಚು ಹಾಕಿಸಿಟ್ಟುಕೊಳ್ಳಿ. ನಡುವೆ ತಂಡವೊಂದು ಎದ್ದು ಹೋದರೆ ಏನು ಮಾಡಬೇಕು ಎಂಬುದಕ್ಕೆ ಚೆಸ್ ಲೀಗ್‌ಗಳ ರೂಢಿ ಒಳ್ಳೆಯದು: ಅರ್ಧಕ್ಕಿಂತ ಕಡಿಮೆ ಪಂದ್ಯ ಆಡಿ ಹೋದವರ ಫಲಿತಾಂಶಗಳನ್ನು ಯಾರ ಲೆಕ್ಕಕ್ಕೂ ಹಿಡಿಯಬಾರದು, ಅರ್ಧ ಅಥವಾ ಹೆಚ್ಚು ಆಡಿದ್ದರೆ ಉಳಿದ ಎದುರಾಳಿಗಳಿಗೆ ಗೆಲುವು ಕೊಡಬೇಕು. ಟೈ, ತಕರಾರು, ಗೈರುಹಾಜರಿ ಈ ಮೂರರ ನಿಯಮಗಳನ್ನು ಅರ್ಧ ಪುಟದಲ್ಲಿ ಬರೆದು ಮೊದಲ ಪ್ರಶ್ನೆಗೆ ಮುಂಚೆ ಎಲ್ಲ ತಂಡಗಳ ಕೈಗೆ ಕೊಡಿ. ತಕರಾರನ್ನು ಕೇಳಲು ಪ್ರಶ್ನೆ ಬರೆಯದ ಒಬ್ಬರನ್ನು ಕೂರಿಸಿ. ಆ ತೀರ್ಪಿನಿಂದ ಪಂದ್ಯದ ಫಲಿತಾಂಶ ಬದಲಾಗುವಂತಿದ್ದರೆ ಮಾತ್ರ ವಿಚಾರಿಸಲಿ, ಅದೂ ಮುಂದಿನ ಸುತ್ತು ಶುರುವಾಗುವ ಮೊದಲು.